ಕಾರ್ಖಾನೆಯ ಮೇಲೆ ಮೂರು ಸುತ್ತು: ಲಿಮೋಜ್, ಫೆಬ್ರವರಿ 1944

1944ರ ಫೆಬ್ರವರಿ 8ರ ರಾತ್ರಿ, ಹಾಲು ಚೆಲ್ಲಿದಂಥ ಬೆಳದಿಂಗಳು. ಫ್ರಾನ್ಸಿನ ಲಿಮೋಜ್ ಪಟ್ಟಣದಲ್ಲಿ ನೋಮ್-ರೋನ್ ಕಂಪನಿಯ ವಿಮಾನ ಎಂಜಿನ್ ಕಾರ್ಖಾನೆಯ ರಾತ್ರಿ ಪಾಳಿ ನಡೆದಿತ್ತು. ಅಲ್ಲಿ ತಯಾರಾದ ಎಂಜಿನ್‌ಗಳು ಹೋಗುತ್ತಿದ್ದದ್ದು ಹಿಟ್ಲರನ ವಿಮಾನಪಡೆಗೆ. ಆದರೆ ಯಂತ್ರಗಳ ಮುಂದೆ ನಿಂತಿದ್ದವರು ಫ್ರೆಂಚರು, ಅದರಲ್ಲೂ ಹೆಂಗಸರೇ ಹೆಚ್ಚು. ಸೋತ ದೇಶದಲ್ಲಿ ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಅದು.

ಆ ರಾತ್ರಿ ಬ್ರಿಟನ್ನಿನ 617ನೇ ಸ್ಕ್ವಾಡ್ರನ್ನಿನ (ವಿಮಾನದಳದ) 12 ಲ್ಯಾಂಕಾಸ್ಟರ್ ಬಾಂಬರ್‌ಗಳು ಕಾರ್ಖಾನೆಯನ್ನು ಹುಡುಕಿಕೊಂಡು ಬಂದವು. ಮೊದಲನೆಯದು ಬಂದ ಕೂಡಲೇ ಬಾಂಬ್ ಹಾಕಲಿಲ್ಲ. ಛಾವಣಿಗೆ ತಾಗಿಬಿಡುತ್ತದೇನೋ ಅನ್ನುವಷ್ಟು ಕೆಳಗಿಳಿದು, ನಾಲ್ಕು ಎಂಜಿನ್‌ಗಳೂ ಅಬ್ಬರಿಸುತ್ತ ಕಾರ್ಖಾನೆಯ ಮೇಲೆ ಹಾದು ಹೋಯಿತು. ತಿರುಗಿ ಬಂತು, ಮತ್ತೆ ಹಾದು ಹೋಯಿತು. ಹೀಗೆ ಮೂರು ಸಲ. ಒಳಗಿದ್ದವರಿಗೆ ವಿಷಯ ತಿಳಿಯಲಿ, ಓಡಿ ಪಾರಾಗಲಿ ಅನ್ನುವುದೇ ಅದರ ಉದ್ದೇಶ. ಆಮೇಲಷ್ಟೇ 50ರಿಂದ 100 ಅಡಿ ಎತ್ತರದಿಂದ ಬೆಂಕಿ ಬಾಂಬ್‌ಗಳನ್ನು ಛಾವಣಿಯ ಮೇಲೆ ಸುರಿದು ಗುರುತು ಹಾಕಿತು. ಮೇಲೆ ಕಾಯುತ್ತಿದ್ದ ಹನ್ನೊಂದು ವಿಮಾನಗಳು ಆ ಬೆಂಕಿಯನ್ನೇ ಗುರಿಯಾಗಿಟ್ಟು ದಾಳಿ ಮಾಡಿದವು. ಬಹುತೇಕ ಎಲ್ಲ ಬಾಂಬ್‌ಗಳೂ ಕಾರ್ಖಾನೆಗೇ ಬಿದ್ದವು; ಒಂದು ವಿಮಾನದ ಹೊರೆ ಪಕ್ಕದ ನದಿಗೆ ಬಿತ್ತು. ಎಂಜಿನ್ ತಯಾರಿಕೆ ಹೆಚ್ಚುಕಡಿಮೆ ನಿಂತೇ ಹೋಯಿತು. ಫ್ರೆಂಚರಲ್ಲಿ ಸತ್ತವರು ಇಲ್ಲವೇ ಇಲ್ಲ ಅನ್ನಬಹುದಾದಷ್ಟು ಕಡಿಮೆ. ಹನ್ನೆರಡು ವಿಮಾನಗಳಲ್ಲಿ ಒಂದೂ ಕಳೆದುಹೋಗಲಿಲ್ಲ.

ಆ ಮೊದಲ ವಿಮಾನವನ್ನು ನಡೆಸುತ್ತಿದ್ದವನು ಲಿಯೊನಾರ್ಡ್ ಚೆಷೈರ್. ವಿಂಗ್ ಕಮಾಂಡರ್, ವಯಸ್ಸು 26. ಅವನ ಬದುಕಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪದಕಗಳಿಂದ ಶುರುಮಾಡುತ್ತಾರೆ: ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್, ಮೂರು ಬಾರಿ ಡಿಎಸ್‌ಒ, ಒಂದು ಡಿಎಫ್‌ಸಿ (ಇವೂ ಸೇನಾ ಪದಕಗಳೇ), ಸುಮಾರು ನೂರು ದಾಳಿಗಳು. ನನಗೆ ಈ ಒಂದು ರಾತ್ರಿ ಸಾಕು. ಅವನು ಎಂಥ ಮನುಷ್ಯ ಅನ್ನುವುದು, ಅವನ ಮಿತಿ ಎಲ್ಲಿತ್ತು ಅನ್ನುವುದೂ ಸೇರಿ, ಈ ಮೂರು ಸುತ್ತಿನಲ್ಲೇ ಇದೆ ಅನ್ನಿಸುತ್ತದೆ. ಹಾಗಾಗಿ ಇದೊಂದೇ ಪ್ರಕರಣವನ್ನು ಬಿಡಿಸಿ ನೋಡೋಣ.

ಗುರಿ ತಪ್ಪುವ ರೋಗ

ಲಿಮೋಜ್ ಒಂದು ಹುಮ್ಮಸ್ಸಿನ ಸಾಹಸವಾಗಿರಲಿಲ್ಲ. ಅದರ ಹಿಂದೆ ಮೂರು ವರ್ಷದ ತಲೆನೋವು ಇತ್ತು. ರಾತ್ರಿ ಹೊತ್ತು ಮೇಲಿನಿಂದ ಬಾಂಬ್ ಹಾಕಿದರೆ ಅದು ಎಲ್ಲಿ ಬೀಳುತ್ತದೆ? 1941ರ ಆಗಸ್ಟ್‌ನಲ್ಲಿ ಬ್ರಿಟನ್ ತನ್ನದೇ ಬಾಂಬರ್‌ಗಳು ತೆಗೆದ ಫೋಟೊಗಳನ್ನು ಪರಿಶೀಲಿಸಿದಾಗ ಸಿಕ್ಕ ಉತ್ತರ ದಂಗುಬಡಿಸುವಂತಿತ್ತು. ಗುರಿಯ ಮೇಲೆ ದಾಳಿ ಮಾಡಿ ಬಂದೆವು ಎಂದು ವರದಿ ಕೊಟ್ಟ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯ ಐದು ಮೈಲಿ ಒಳಗೆ ಹೋಗಿತ್ತು. ಐದು ಮೈಲಿ ಅಂದರೆ ಒಂದು ಇಡೀ ಊರು ಪಕ್ಕಕ್ಕೆ ಸರಿದಷ್ಟು ದೂರ.

12,000 ಅಡಿಯಿಂದ ಬಿಟ್ಟ ಬಾಂಬ್ ನೆಲ ಮುಟ್ಟಲು ಅರ್ಧ ನಿಮಿಷದ ಹತ್ತಿರ ಹಿಡಿಯುತ್ತದೆ. ಅಷ್ಟು ಹೊತ್ತು ಗಾಳಿ ಅದನ್ನು ತಳ್ಳುತ್ತದೆ. ವಿಮಾನದ ವೇಗ, ಎತ್ತರ, ದಿಕ್ಕು ಇವುಗಳಲ್ಲಿ ಒಂದಿಷ್ಟು ಲೆಕ್ಕ ತಪ್ಪಿದರೂ ನೆಲದ ಮೇಲೆ ಅದು ನೂರಾರು ಗಜವಾಗುತ್ತದೆ. 617ನೇ ಸ್ಕ್ವಾಡ್ರನ್ ಈ ತೊಂದರೆಯ ಅರ್ಧ ಭಾಗವನ್ನು ಗೆದ್ದಿತ್ತು. ಅವರ ಬಳಿ ವಿಶೇಷವಾದ ಬಾಂಬ್‌ಸೈಟ್, ಅಂದರೆ ಬಾಂಬ್‌ಗೆ ಗುರಿ ಹಿಡಿಯುವ ಉಪಕರಣ, ಇತ್ತು. ಗುರಿಯ ಮೇಲೆ ಅಲುಗದೆ ನೇರವಾಗಿ ಹಾರಿದರೆ ಬಾಂಬ್ ಹೇಳಿದ ಜಾಗಕ್ಕೇ ಬೀಳುತ್ತಿತ್ತು. ಹೇಳುವ ಜಾಗವೇ ತಪ್ಪಾಗಿದ್ದರೆ?

ಆದದ್ದೂ ಅದೇ. 1943ರ ಡಿಸೆಂಬರ್ 16ರ ರಾತ್ರಿ ಉತ್ತರ ಫ್ರಾನ್ಸಿನ ಕಾಡೊಂದರಲ್ಲಿ ಜರ್ಮನರು ಕಟ್ಟುತ್ತಿದ್ದ ವಿ-1 (ಪೈಲಟ್ ಇಲ್ಲದೆ ಹಾರುವ ಬಾಂಬ್) ಉಡಾವಣಾ ನೆಲೆಯ ಮೇಲೆ ಈ ಸ್ಕ್ವಾಡ್ರನ್ನಿನ ಒಂಬತ್ತು ಲ್ಯಾಂಕಾಸ್ಟರ್‌ಗಳು ದಾಳಿ ಮಾಡಿದವು. ಬೇರೊಂದು ವಿಮಾನ ರೇಡಿಯೊ ಸಂಕೇತದ ನೆರವಿನಿಂದ ಎತ್ತರದಲ್ಲೇ ಹಾರುತ್ತ ಗುರುತಿನ ದೀಪಗಳನ್ನು ಉದುರಿಸಿತ್ತು. ಚೆಷೈರ್‌ನ ಹುಡುಗರು ಹಾಕಿದ 12,000 ಪೌಂಡ್ ತೂಕದ ಬಾಂಬ್‌ಗಳು ಒಂದೂ ಆ ಗುರುತಿನಿಂದ 100 ಗಜದ ಆಚೆ ಬೀಳಲಿಲ್ಲ. ಅಷ್ಟು ಅಚ್ಚುಕಟ್ಟು. ಆದರೆ ಗುರುತೇ ನೆಲೆಯಿಂದ 350 ಗಜ ದೂರದಲ್ಲಿತ್ತು. ಉಡಾವಣಾ ನೆಲೆಗೆ ಏನೂ ಆಗಲಿಲ್ಲ.

ಹಾಗಿದ್ದರೆ ಗುರುತು ಹಾಕುವವನು ಕೆಳಗಿಳಿದು, ಕಣ್ಣಾರೆ ಕಂಡು, ಕೈಯಿಂದ ಇಟ್ಟ ಹಾಗೆ ಇಡಬೇಕು ಎಂದು ಚೆಷೈರ್ ಮತ್ತು ಅವನ ಸ್ಕ್ವಾಡ್ರನ್ನಿನ ನುರಿತ ಪೈಲಟ್ ಮಿಕ್ ಮಾರ್ಟಿನ್ ಪಟ್ಟು ಹಿಡಿದರು. ಮೇಲಧಿಕಾರಿ ಏರ್ ವೈಸ್ ಮಾರ್ಷಲ್ ಕಾಕ್ರೇನ್‌ಗೆ ಅದು ಸುಲಭಕ್ಕೆ ಒಪ್ಪುವ ಮಾತಾಗಿರಲಿಲ್ಲ. ಅವರ ಹಿಂಜರಿಕೆಗೆ ಕಾರಣವೂ ಇತ್ತು. ಇದೇ ಸ್ಕ್ವಾಡ್ರನ್ 1943ರ ಮೇ ತಿಂಗಳಲ್ಲಿ ಜರ್ಮನಿಯ ಅಣೆಕಟ್ಟುಗಳ ಮೇಲೆ ಕೆಳಮಟ್ಟದಲ್ಲಿ ಹಾರಿ ದಾಳಿ ಮಾಡಿ 19ರಲ್ಲಿ 8 ವಿಮಾನ ಕಳೆದುಕೊಂಡಿತ್ತು, 53 ಜನ ಸತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಡಾರ್ಟ್‌ಮುಂಡ್-ಎಮ್ಸ್ ಕಾಲುವೆಗೆ ಹೋದ ಎಂಟರಲ್ಲಿ ಐದು ಹಿಂತಿರುಗಲಿಲ್ಲ. ಸತ್ತವರಲ್ಲಿ ಸ್ಕ್ವಾಡ್ರನ್ನಿನ ಆಗಿನ ಮುಖ್ಯಸ್ಥನೂ ಒಬ್ಬ. ಕೆಳಗೆ ಹಾರುವುದು ಅಂದರೆ ಏನೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಊಟದ ಮನೆಯ ಖಾಲಿ ಕುರ್ಚಿಗಳೇ ಅದನ್ನು ಹೇಳುತ್ತಿದ್ದವು.

ಅವನು ಬಂದ ದಾರಿ

ಚೆಷೈರ್ 1917ರಲ್ಲಿ ಹುಟ್ಟಿದವನು, ಆಕ್ಸ್‌ಫರ್ಡಿನ ಕಾನೂನು ಪಂಡಿತನ ಮಗ. ಓದಿದ್ದೂ ಆಕ್ಸ್‌ಫರ್ಡಿನಲ್ಲೇ, ಹಾರುವುದು ಕಲಿತದ್ದೂ ಆ ವಿಶ್ವವಿದ್ಯಾಲಯದ ವಿಮಾನದಳದಲ್ಲೇ. ವೇಗದ ಕಾರು, ಮೋಜು, ಹೆಸರು ಮಾಡುವ ಹಂಬಲ, ಇವೇ ಆಗ ಅವನ ಬದುಕು. 1940ರ ನವೆಂಬರ್‌ನಲ್ಲಿ ಜರ್ಮನಿಯ ಕಲೋನ್ ಬಳಿ ಅವನ ವಿಟ್ಲಿ ಬಾಂಬರ್‌ನೊಳಗೇ ಒಂದು ಫ್ಲೇರ್ (ಬೆಳಕಿನ ಬಾಣ) ಸಿಡಿದು, ವಿಮಾನದ ಮೈಯ ಒಂದು ಪಕ್ಕವೇ ಹರಿದು ಬಾಯಿ ಬಿಟ್ಟಿತು. ರೇಡಿಯೊ ಆಪರೇಟರ್ ಡೇವಿಡ್‌ಸನ್ ಮುಖ ಸುಟ್ಟುಹೋಗಿತ್ತು. ಸುಟ್ಟ ಮೈಯಲ್ಲೇ ಅವನು ತನ್ನ ಯಂತ್ರದ ಮುಂದೆ ಕೂತು ಸಂಪರ್ಕ ಹಿಡಿಯಲು ನೋಡುತ್ತಿದ್ದ. ಚಳಿಗಾಳಿ ಒಳಗೆ ನುಗ್ಗುತ್ತಿದ್ದ ಆ ವಿಮಾನವನ್ನು ಚೆಷೈರ್ ಇಂಗ್ಲೆಂಡಿಗೆ ತಂದಿಳಿಸಿದ. ಮೊದಲ ಡಿಎಸ್‌ಒ ಬಂದದ್ದು ಅದಕ್ಕೆ.

ಮುಂದೆ 76ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥನಾದಾಗ ಅವನು ಮಾಡಿದ ಕೆಲಸ ನನಗೆ ಪದಕಕ್ಕಿಂತ ಮುಖ್ಯ ಅನ್ನಿಸುತ್ತದೆ. ಆ ಸ್ಕ್ವಾಡ್ರನ್ನಿನಿಂದಲೇ ಹಾರಿ ಅವನ ತಮ್ಮ 1941ರಲ್ಲಿ ಬರ್ಲಿನ್ ದಾಳಿಯಲ್ಲಿ ವಿಮಾನ ಕಳೆದುಕೊಂಡು ಸೆರೆಸಿಕ್ಕಿದ್ದ. ಹ್ಯಾಲಿಫ್ಯಾಕ್ಸ್ ಬಾಂಬರ್‌ಗಳು ಭಾರಕ್ಕೆ ಏದುಸಿರು ಬಿಡುತ್ತ ಎತ್ತರಕ್ಕೆ ಏರಲಾಗದೆ ಬಲಿಯಾಗುವುದನ್ನು ಕಂಡ ಚೆಷೈರ್, ಬೆನ್ನ ಮೇಲಿನ ಮತ್ತು ಮೂಗಿನ ಗನ್ ಗೂಡುಗಳನ್ನೂ ಎಂಜಿನ್ ಹೊಗೆಕೊಳವೆಯ ಮುಚ್ಚಳಗಳನ್ನೂ ಬಿಚ್ಚಿಸಿ ವಿಮಾನವನ್ನು ಹಗುರಮಾಡಿಸಿದ. ಹೊಸದಾಗಿ ಬಂದು ಅಂಜುತ್ತಿದ್ದ ತಂಡಗಳ ಜೊತೆ ತಾನೇ ಎರಡನೇ ಪೈಲಟ್ ಆಗಿ ಕೂತು ಹೋಗುತ್ತಿದ್ದ. ರಾತ್ರಿಯೆಲ್ಲ ವಿಮಾನದ ಕೆಳಗೆ ಎಣ್ಣೆ ಮೆತ್ತಿಕೊಂಡು ಕೆಲಸ ಮಾಡುವ ಮೆಕ್ಯಾನಿಕ್‌ಗಳನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದ. ಅದೇ ಮನುಷ್ಯ, ಹೆದರಿ ಹಿಂದೆ ಸರಿದವರ ವಿಷಯದಲ್ಲಿ ದಾಕ್ಷಿಣ್ಯ ತೋರಲಿಲ್ಲ; ಒಬ್ಬನ ಭಯ ಉಳಿದವರಿಗೆ ಹಬ್ಬೀತು ಎಂದು ಅಂಥವರನ್ನು ತಕ್ಷಣ ಹೊರಗೆ ಕಳಿಸುತ್ತಿದ್ದ. ಇದನ್ನು ಬಿಟ್ಟು ಅವನ ಕರುಣೆಯ ಕತೆ ಮಾತ್ರ ಹೇಳಿದರೆ ಅದು ಅರೆಬರೆ ಚಿತ್ರವಾಗುತ್ತದೆ.

25ನೇ ವಯಸ್ಸಿಗೇ ಗ್ರೂಪ್ ಕ್ಯಾಪ್ಟನ್ ಆದ. ನೆಲದ ಮೇಲಿನ ಆ ಹುದ್ದೆ ಹಿಡಿಸಲಿಲ್ಲ. 1943ರ ಕೊನೆಗೆ ಒಂದು ದರ್ಜೆ ಕೆಳಗಿಳಿದು, ವಿಂಗ್ ಕಮಾಂಡರ್ ಆಗಿ 617ಕ್ಕೆ ಬಂದ.

ಆ ರಾತ್ರಿಯ ಲೆಕ್ಕ

ಈಗ ಲಿಮೋಜ್‌ಗೆ ವಾಪಸ್. ಅಲ್ಲಿ ಎರಡು ಸಮಸ್ಯೆ ಒಟ್ಟಿಗೇ ಇದ್ದವು. ಗುರಿ ಚಿಕ್ಕದು, ಸುತ್ತ ಮನೆಗಳಿವೆ, ಒಳಗೆ ಫ್ರೆಂಚ್ ಕಾರ್ಮಿಕರಿದ್ದಾರೆ. ಬಿಡುಗಡೆ ಮಾಡಲು ಹೊರಟ ದೇಶದ ಜನರನ್ನೇ ಕೊಲ್ಲುವುದು ಬ್ರಿಟಿಷ್ ಸರ್ಕಾರಕ್ಕೆ ದೊಡ್ಡ ಚಿಂತೆಯಾಗಿತ್ತು. ಕೆಳಗಿಳಿದು ಗುರುತು ಹಾಕಿದರೆ ಸುತ್ತಲ ಮನೆಗಳು ಉಳಿಯುತ್ತವೆ. ಆದರೆ ಕಾರ್ಖಾನೆಯ ಒಳಗಿರುವವರು? ಗುರಿ ಎಷ್ಟು ಸರಿಯಾಗಿ ತಾಗುತ್ತದೋ ಅಷ್ಟು ಖಚಿತವಾಗಿ ಅವರು ಸಾಯುತ್ತಾರೆ. ಚೆಷೈರ್ ಇದನ್ನು ಬೇರೆಯಾಗಿ ಕೂತು ಯೋಚಿಸಿದ್ದಾನೆ ಅನ್ನುವುದೇ ದೊಡ್ಡದು. ನಿಖರವಾಗಿ ಬಾಂಬ್ ಹಾಕುವುದನ್ನೇ ಮಾನವೀಯತೆ ಎಂದುಕೊಂಡು ಸಮಾಧಾನಪಟ್ಟುಕೊಳ್ಳುವುದು ಸುಲಭವಿತ್ತು.

ಎಚ್ಚರಿಸುವುದು ಹೇಗೆ? ರೇಡಿಯೊದಲ್ಲಿ ಮುಂಚೆಯೇ ಹೇಳಿದರೆ ಜರ್ಮನರಿಗೂ ಕೇಳಿಸುತ್ತದೆ. ಕರಪತ್ರ ಉದುರಿಸಿದರೂ ಅಷ್ಟೇ. ಗಂಟೆಗಟ್ಟಲೆ ಮುಂಚೆ ಕೊಟ್ಟ ಎಚ್ಚರಿಕೆ ಶತ್ರುವಿನ ವಿಮಾನ ನಿರೋಧಕ ತೋಪುಗಳಿಗೆ ಕೊಟ್ಟ ಆಹ್ವಾನ. ಕೆಲವೇ ನಿಮಿಷ ಮುಂಚೆ, ಆ ಕಾರ್ಖಾನೆಯವರಿಗೆ ಮಾತ್ರ, ಯಾವ ಭಾಷೆಯೂ ಬೇಡದೆ ಅರ್ಥವಾಗಬೇಕು. ಅದಕ್ಕೆ ಅವನ ಕೈಯಲ್ಲಿದ್ದದ್ದು ವಿಮಾನದ ಸದ್ದು ಒಂದೇ.

ಲ್ಯಾಂಕಾಸ್ಟರ್ ಅಂದರೆ ಚಿಕ್ಕ ಯಂತ್ರವಲ್ಲ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 102 ಅಡಿ. ಆ ರಾತ್ರಿ ಅದು ಹಾರಿದ ಎತ್ತರ ಅದರ ರೆಕ್ಕೆಯ ಅಗಲಕ್ಕಿಂತ ಕಡಿಮೆ. ವಿಮಾನವನ್ನು ಬದಿಗೆ ವಾಲಿಸಿ ತಿರುಗಿಸಿದರೆ ರೆಕ್ಕೆಯ ತುದಿ ಏನಾದರೊಂದಕ್ಕೆ ಬಡಿದೀತು ಅನ್ನುವಷ್ಟು. ಅಂದರೆ ಕಾರ್ಖಾನೆ ದಾಟಿದ ಮೇಲೆ ಪ್ರತಿ ಸಲ ಮೂಗೆತ್ತಿ ಮೇಲೇರಬೇಕು, ದೊಡ್ಡ ಬಳಸು ಹಾಕಿ ತಿರುಗಬೇಕು, ಮತ್ತೆ ಇಳಿದು ಸಾಲು ಹಿಡಿಯಬೇಕು. ಚಿಮಣಿ, ಕಂಬ, ತಂತಿ ಎಲ್ಲವೂ ಬೆಳದಿಂಗಳಲ್ಲಿ ಮಾತ್ರ ಕಾಣಬೇಕು. ಹೊಟ್ಟೆಯಲ್ಲಿ ಬೆಂಕಿ ಬಾಂಬ್‌ಗಳ ಹೊರೆ. ಈ ದಾಳಿಯನ್ನು ಚಿತ್ರೀಕರಿಸಲು ವಿಮಾನದಲ್ಲಿ ಒಂದು ಕ್ಯಾಮೆರಾ ಕೂಡ ಇತ್ತು.

ಒಂದನೇ ಸುತ್ತಿಗೆ ಜನ ತಲೆಯೆತ್ತಿರಬೇಕು. ದಿನವೂ ಎಷ್ಟೋ ವಿಮಾನ ಹಾದುಹೋಗುವ ಕಾಲ ಅದು. ಒಂದು ಸದ್ದು ಬಂದು ಹೋದರೆ ಯಾರೂ ಯಂತ್ರ ಬಿಟ್ಟು ಓಡುವುದಿಲ್ಲ. ಎರಡನೆಯ ಸಲ ಅದೇ ಸದ್ದು ಅದೇ ಛಾವಣಿಯ ಮೇಲೆ ಬಂದಾಗ ಅನುಮಾನ ಹೋಗಿರಬೇಕು. ಮೂರನೆಯದು ಇನ್ನೂ ಒಳಗೆ ಉಳಿದವರಿಗೆ. ಒಂದೇ ಸುತ್ತು ಹಾಕಿದ್ದರೆ ‘ಎಚ್ಚರಿಕೆ ಕೊಟ್ಟೆವು’ ಎಂದು ವರದಿಯಲ್ಲಿ ಬರೆದುಕೊಳ್ಳಬಹುದಿತ್ತು, ಜನ ಮಾತ್ರ ಒಳಗೇ ಇರುತ್ತಿದ್ದರು. ಈ ಪ್ರಕರಣದ ಜೀವ ಆ ಮೂರು ಅನ್ನುವ ಸಂಖ್ಯೆಯಲ್ಲಿದೆ. ಎಚ್ಚರಿಕೆ ಕೊಡುವುದು ಬೇರೆ, ಅದು ಮುಟ್ಟಿತೇ ಎಂದು ಕಾಯುವುದು ಬೇರೆ. ಅವನು ಕಾದ.

ಆ ಕಾಯುವಿಕೆಯ ಬೆಲೆಯನ್ನು ಅವನೊಬ್ಬನೇ ತೆರುತ್ತಿರಲಿಲ್ಲ. ಅವನ ವಿಮಾನದಲ್ಲೇ ಬೇರೆಯವರಿದ್ದರು. ಮೇಲೆ ಹನ್ನೊಂದು ವಿಮಾನಗಳು, ಒಂದೊಂದರಲ್ಲೂ ಸುಮಾರು ಏಳು ಜನ, ಬೆಳದಿಂಗಳಲ್ಲಿ ಸುತ್ತು ಹೊಡೆಯುತ್ತ ಕಾಯುತ್ತಿದ್ದರು. ಅವನಿಗೆ ಕಾರ್ಖಾನೆ ಕಾಣಿಸಿದಂತೆಯೇ ಜರ್ಮನ್ ಫೈಟರ್‌ಗಳಿಗೆ ಈ ವಿಮಾನಗಳು ಕಾಣಿಸುತ್ತವೆ. ಅಪರಿಚಿತ ಹೆಂಗಸರ ಜೀವಕ್ಕಾಗಿ ತನ್ನ ಹುಡುಗರ ಜೀವವನ್ನು ಒಡ್ಡುವ ಹಕ್ಕು ಮುಖ್ಯಸ್ಥನಿಗೆ ಇದೆಯೇ? ಇದೆ ಎಂದೇ ನಾನು ಹೇಳುತ್ತೇನೆ, ಅಪಾಯ ಎಷ್ಟು ಎಂದು ಮೊದಲೇ ತೂಗಿ ನೋಡಿದ್ದರೆ. ಚೆಷೈರ್ ತೂಗಿದ್ದ. ಲಿಮೋಜ್ ಕಾರ್ಖಾನೆಗೆ ಇದ್ದ ಕಾವಲು ಎರಡು ಮೆಷಿನ್ ಗನ್‌ಗಳಷ್ಟೇ. ಅತಿ ಹೆಚ್ಚು ಅಪಾಯದ ಜಾಗವನ್ನು, ಅಂದರೆ ಆ ಗನ್‌ಗಳ ಬಾಯಿಯ ಎದುರನ್ನು, ಅವನು ತನಗೇ ಇಟ್ಟುಕೊಂಡಿದ್ದ.

ಅದೇ ಉಪಾಯ ಬೇರೆಡೆ ನಡೆಯಲಿಲ್ಲ

ಇಲ್ಲಿಗೆ ನಿಲ್ಲಿಸಿದರೆ ಇದು ಒಳ್ಳೆಯ ಕತೆ. ಪ್ರಕರಣವೆಂದು ನೋಡುವುದಾದರೆ ನಿಲ್ಲಿಸುವಂತಿಲ್ಲ.

ನಾಲ್ಕು ದಿನದ ನಂತರ ದಕ್ಷಿಣ ಫ್ರಾನ್ಸಿನ ಆಂಟಿಯೋರ್ ರೈಲು ಸೇತುವೆಯ ಮೇಲೆ ಅದೇ ವಿಧಾನದಲ್ಲಿ ದಾಳಿಗೆ ಹೋದರು. ಅಲ್ಲಿ ಕಾವಲು ಬಿಗಿಯಾಗಿತ್ತು. ಮಿಕ್ ಮಾರ್ಟಿನ್‌ನ ವಿಮಾನಕ್ಕೆ ಗುಂಡು ತಾಗಿ ಅವನ ಬಾಂಬ್ ಗುರಿಕಾರ ಸತ್ತ. ಸೇತುವೆ ಹಾಗೇ ನಿಂತಿತ್ತು. ಲ್ಯಾಂಕಾಸ್ಟರ್‌ನಂಥ ದೊಡ್ಡ ದೇಹ ಈ ಕೆಲಸಕ್ಕಲ್ಲ ಎಂದು ಮನದಟ್ಟಾಗಿ, ಚೆಷೈರ್ ಮೊದಲು ಚುರುಕಾದ ಮೊಸ್ಕಿಟೊ ವಿಮಾನಕ್ಕೆ, ಆಮೇಲೆ ಒಬ್ಬನೇ ಹಾರಿಸುವ ಮಸ್ಟಾಂಗ್‌ಗೆ ಬದಲಾದ.

ಏಪ್ರಿಲ್ 24ರ ರಾತ್ರಿ ಅದೇ ಕೈ ಮ್ಯೂನಿಚ್ ನಗರದ ಮೇಲೆ 700 ಅಡಿಗೆ ಇಳಿದು ಗುರುತು ಹಾಕಿತು. ಹಿಂದೆ ಇನ್ನೂರಕ್ಕೂ ಹೆಚ್ಚು ಲ್ಯಾಂಕಾಸ್ಟರ್‌ಗಳು ಬಂದವು, ಬಾಂಬ್‌ಗಳು ನಗರದ ನಡುಮಧ್ಯಕ್ಕೆ ಬಿದ್ದವು. ಮ್ಯೂನಿಚ್‌ನವರಿಗೆ ಮೂರು ಸುತ್ತಿನ ಎಚ್ಚರಿಕೆ ಸಿಗಲಿಲ್ಲ. ಲಿಮೋಜ್‌ನಲ್ಲಿ ಕೆಲಸದ ಹೆಂಗಸರ ಜೀವ ಉಳಿಸಿದ ಕೌಶಲವೇ ಇಲ್ಲಿ ಒಂದು ಊರಿನ ಎದೆಗೆ ಬೆಂಕಿಯನ್ನು ತಪ್ಪದೆ ಕರೆತಂದಿತು. ಅವನ ವಿಕ್ಟೋರಿಯಾ ಕ್ರಾಸ್‌ನ ಪ್ರಶಸ್ತಿಪತ್ರ ವಿಶೇಷವಾಗಿ ಎತ್ತಿ ಹೇಳುವುದು ಈ ಮ್ಯೂನಿಚ್ ರಾತ್ರಿಯನ್ನೇ. ಆ ಪದಕ ಒಂದು ಸಾಹಸಕ್ಕಲ್ಲದೆ ನಾಲ್ಕು ವರ್ಷಗಳ ಹಾರಾಟಕ್ಕೆ, 1944ರ ಸೆಪ್ಟೆಂಬರ್‌ನಲ್ಲಿ ಬಂತು. ಮ್ಯೂನಿಚ್ ಬಗ್ಗೆ ಓದುವಾಗ ನನಗೆ ಪ್ರತಿ ಸಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೂ ಲಿಮೋಜ್ ಸುಳ್ಳಾಗುವುದಿಲ್ಲ. ಒಬ್ಬನೇ ಮನುಷ್ಯ ಎರಡನ್ನೂ ಮಾಡಿದ.

ಇನ್ನೊಂದು ರಾತ್ರಿ, ಮೇ 3, ಫ್ರಾನ್ಸಿನ ಮೈಲಿ-ಲೆ-ಕಾಂಪ್ ಎಂಬಲ್ಲಿದ್ದ ಜರ್ಮನ್ ಸೇನಾ ಶಿಬಿರ. ಚೆಷೈರ್ ಹಾಕಿಸಿದ ಗುರುತು ಸರಿಯಾಗಿಯೇ ಇತ್ತು. ಆದರೆ ರೇಡಿಯೊ ಸಂಪರ್ಕ ಕೆಟ್ಟು, ‘ಬನ್ನಿ, ಬಾಂಬ್ ಹಾಕಿ’ ಎಂಬ ಆದೇಶ ಮುಖ್ಯ ಪಡೆಗೆ ಸರಿಯಾಗಿ ಮುಟ್ಟಲಿಲ್ಲ. ವಿಮಾನಗಳು ಬೆಳದಿಂಗಳಲ್ಲಿ ಸುತ್ತುತ್ತ ಕಾದವು, ಜರ್ಮನ್ ಫೈಟರ್‌ಗಳು ಅವುಗಳ ನಡುವೆ ನುಗ್ಗಿದವು. 42 ಲ್ಯಾಂಕಾಸ್ಟರ್‌ಗಳು ಉರುಳಿದವು. ಲಿಮೋಜ್‌ನಲ್ಲಿ ಹನ್ನೊಂದು ವಿಮಾನಗಳು ಕಾದಿದ್ದವಲ್ಲ, ಆ ಕಾಯುವಿಕೆ ಎಂಥ ಜೂಜಾಗಿತ್ತು ಅನ್ನುವುದಕ್ಕೆ ಬೇರೆ ಪುರಾವೆ ಬೇಡ. ಕಾವಲು ಕಡಿಮೆಯಿರುವ ಗುರಿ, ಚಿಕ್ಕ ತಂಡ, ಒಬ್ಬರ ಮಾತು ಒಬ್ಬರಿಗೆ ಅರ್ಥವಾಗುವ ಹುಡುಗರು, ಹತ್ತಿರ ಸುಳಿಯದ ಫೈಟರ್‌ಗಳು: ಇಷ್ಟು ಕೂಡಿಬಂದಾಗ ಮಾತ್ರ ಮೂರು ಸುತ್ತು ಸಾಧ್ಯ. ಕೂಡಿಬರದಿದ್ದಾಗ ಫ್ರಾನ್ಸಿನಲ್ಲಿ ಏನಾಯಿತು ಅನ್ನುವುದೂ ಗೊತ್ತಿದೆ. ಅದೇ ಏಪ್ರಿಲ್‌ನಲ್ಲಿ ಲೀಲ್ ನಗರದ ರೈಲು ಯಾರ್ಡ್ ಮೇಲಿನ ಒಂದೇ ದಾಳಿಗೆ 400ಕ್ಕೂ ಹೆಚ್ಚು ಫ್ರೆಂಚ್ ನಾಗರಿಕರು ಸತ್ತರು. ಯುದ್ಧ ಮುಗಿಯುವ ಹೊತ್ತಿಗೆ ಮಿತ್ರರಾಷ್ಟ್ರಗಳ ಬಾಂಬ್‌ಗೆ ಸತ್ತ ಫ್ರೆಂಚರ ಸಂಖ್ಯೆ ಐವತ್ತು ಸಾವಿರ ದಾಟಿತ್ತು. ಬಾಂಬರ್‌ಗಳಲ್ಲಿ ಹಾರಿ ಸತ್ತ ಬ್ರಿಟಿಷ್ ಪಡೆಯ ಹುಡುಗರು 55,573.

ಎತ್ತರದಿಂದ ಹಾಸಿಗೆಯ ಪಕ್ಕಕ್ಕೆ

1945ರ ಆಗಸ್ಟ್ 9ರಂದು ಚೆಷೈರ್ ಮತ್ತೆ ಒಂದು ಬಾಂಬರ್‌ನಲ್ಲಿದ್ದ, ಈ ಸಲ ಬರೀ ನೋಡುಗನಾಗಿ. ನಾಗಸಾಕಿಯ ಮೇಲೆ ಅಣುಬಾಂಬ್ ಬೀಳುವುದನ್ನು ಕಾಣಲು ಬ್ರಿಟನ್ ಅವನನ್ನೂ ವಿಜ್ಞಾನಿ ವಿಲಿಯಂ ಪೆನ್ನಿಯನ್ನೂ ಕಳಿಸಿತ್ತು. ಅವರ ವಿಮಾನ ಜೊತೆಯವರನ್ನು ತಪ್ಪಿಸಿಕೊಂಡು ಹಿಂದೆ ಉಳಿಯಿತು. ಆ ಮೋಡವನ್ನು ಅವನು ಬಹು ದೂರದಿಂದ, ಬಹು ಎತ್ತರದಿಂದ ನೋಡಿದ. ಹದಿನೆಂಟು ತಿಂಗಳ ಹಿಂದೆ ಕಾರ್ಖಾನೆಯ ಕಿಟಕಿಗಳು ಕಾಣುವಷ್ಟು ಕೆಳಗಿದ್ದವನಿಗೆ ಇಲ್ಲಿ ಕೆಳಗಿನವರು ಯಾರೂ ಕಾಣಲಿಲ್ಲ. ಆ ಬಾಂಬ್ ಯುದ್ಧವನ್ನು ನಿಲ್ಲಿಸಿತು ಎಂದೇ ಅವನು ಕೊನೆಯವರೆಗೂ ನಂಬಿದ್ದ. ಅವನ ಮುಂದಿನ ಬದುಕು ನಾಗಸಾಕಿಯ ಪಶ್ಚಾತ್ತಾಪ ಎಂದು ಹಲವರು ಬರೆಯುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅದರ ಬೇರು ಲಿಮೋಜ್‌ನಲ್ಲೇ ಕಾಣುತ್ತದೆ ನನಗೆ.

ಯುದ್ಧದ ನಂತರ ಕೆಲಸ, ನೆಲೆ ಇಲ್ಲದ ಮಾಜಿ ಸೈನಿಕರನ್ನು ಕೂಡಿಸಿ ಒಟ್ಟಿಗೆ ಬಾಳುವ ವಸಾಹತು ಕಟ್ಟಲು ಹೋಗಿ ಸಾಲಕ್ಕೆ ಬಿದ್ದ. ಕೊನೆಗೆ ಹ್ಯಾಂಪ್‌ಶೈರ್‌ನ ಲೆ ಕೋರ್ಟ್ ಎಂಬ ದೊಡ್ಡ ಹಳೆಯ ಮನೆಯಲ್ಲಿ ಹೆಚ್ಚುಕಡಿಮೆ ಒಂಟಿಯಾಗಿ ಉಳಿದ. 1948ರಲ್ಲಿ ಆಸ್ಪತ್ರೆಯೊಂದರಿಂದ ಸುದ್ದಿ ಬಂತು: ಆರ್ಥರ್ ಡೈಕ್ಸ್ ಎಂಬ, ಹಿಂದೆ ವಿಮಾನಪಡೆಯಲ್ಲಿದ್ದ, ಆ ವಸಾಹತಿನ ಪರಿಚಯದ ಮನುಷ್ಯ ಕ್ಯಾನ್ಸರ್‌ನಿಂದ ಸಾಯುತ್ತಿದ್ದಾನೆ, ಅವನಿಗೆ ಮಾಡಲು ಇನ್ನೇನೂ ಉಳಿದಿಲ್ಲ, ಹೋಗಲು ಮನೆಯಿಲ್ಲ. ಚೆಷೈರ್ ಹಲವು ಕಡೆ ಕೇಳಿದ, ಯಾರೂ ಸೇರಿಸಿಕೊಳ್ಳಲಿಲ್ಲ. ತಾನೇ ಕರೆತಂದ.

ರೋಗಿಯನ್ನು ನೋಡಿಕೊಂಡು ಅಭ್ಯಾಸವಿರಲಿಲ್ಲ. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ರಾತ್ರಿ ನರಳಿದ ಸದ್ದಿಗೆ ಎದ್ದು ಹೋಗುವುದು, ಎಲ್ಲ ಕಲಿತದ್ದು ಅಲ್ಲೇ. ಡೈಕ್ಸ್ ಆ ಆಗಸ್ಟ್‌ನಲ್ಲಿ ತೀರಿಕೊಂಡ. ಅಷ್ಟರಲ್ಲಿ ಲೆ ಕೋರ್ಟ್‌ನಲ್ಲಿ ಇಂಥದ್ದೊಂದು ಮನೆಯಿದೆ ಎಂಬ ಮಾತು ಹರಡಿತ್ತು. ಬೇರೆಲ್ಲೂ ಜಾಗವಿಲ್ಲದವರು ಒಬ್ಬೊಬ್ಬರಾಗಿ ಬರತೊಡಗಿದರು. ಮರುವರ್ಷದ ಬೇಸಿಗೆಗೆ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಹಾಗೆ ಶುರುವಾದ ಚೆಷೈರ್ ಹೋಮ್‌ಗಳು ಮುಂದೆ ದೇಶದೇಶಗಳಿಗೆ ಹರಡಿದವು. 1950ರ ದಶಕದ ನಡುವಿನಲ್ಲಿ ಅವನು ಭಾರತಕ್ಕೂ ಬಂದ. 1959ರಲ್ಲಿ, ತಾನೂ ಇಂಥದೇ ಸೇವೆಯಲ್ಲಿದ್ದ ಸೂ ರೈಡರ್ ಜೊತೆ ಅವನ ಮದುವೆ ಆದದ್ದು ಮುಂಬೈಯಲ್ಲಿ. ಇಬ್ಬರೂ ಸೇರಿ ಡೆಹ್ರಾಡೂನ್‌ನಲ್ಲಿ ರಫಾಯೆಲ್ ಎಂಬ ಆಶ್ರಯಧಾಮ ಕಟ್ಟಿದರು. 1992ರ ಜುಲೈ 31ರಂದು ತೀರಿಕೊಳ್ಳುವವರೆಗೂ ಅವನ ಕೆಲಸ ಅದೇ ಆಗಿತ್ತು.

ಡೈಕ್ಸ್ ಬರುವ ಹೊತ್ತಿಗೆ ಚೆಷೈರ್ ಆ ಮನೆಯನ್ನು ಮಾರಿ ಸಾಲ ತೀರಿಸುವ ಯೋಚನೆಯಲ್ಲಿದ್ದ. ಅವನು ಬಂದ ಮೇಲೆ ಆ ಮಾತು ನಿಂತುಹೋಯಿತು.